ಸಂಗವ್ವನ ಕೊಕ್ಕೆಹುಳ

ಉಣಕಲ್ಲಿನ ನಮ್ಮ ಓಣಿಯಲ್ಲಿ ಸಂಗವ್ವ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರಾಗುವವರೇ ಹೆಚ್ಚು. ಗಂಡ ತೀರಿದ ಮೇಲೆ ಜೋಳದ ಹಿಟ್ಟನ್ನೇ ನಂಬಿ ಮಗಳನ್ನು ಓದಿಸಿ ಮದುವೆ ಮಾಡಿದಾಕೆ. ಹುಬ್ಬಳ್ಳಿಯ ಖಾನಾವಳಿಗಳಿಂದ ಹಿಡಿದು ಧಾರವಾಡದ ಮಾಳಮಡ್ಡಿಯ ಮನೆಗಳವರೆಗೆ ಆಕೆಯ ಕಡಕ್ ರೊಟ್ಟಿ ಹೋಗುತ್ತದೆ. ಬಾಯಿ ರೊಟ್ಟಿಗಿಂತ ಕಡಕ್. ಪಕ್ಕದ ಮನೆಯವಳಾದ ನಾನು ಬೈಸಿಕೊಳ್ಳದ ವಾರವಿಲ್ಲ.

ಅಂಥವಳು ಬರಬರುತ್ತ ಬಾಡತೊಡಗಿದಳು. ಹಿಟ್ಟು ನಾದುವಷ್ಟರಲ್ಲಿ ಏದುಸಿರು, ಕಣ್ಣಿಗೆ ಕತ್ತಲೆ. ರಕ್ತ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಗುಳಿಗೆ ಕೊಟ್ಟರು, ಏರಲಿಲ್ಲ. ಹೊಟ್ಟೆಯಲ್ಲಿ ಹುಳ ಇರಬಹುದೆಂದು ಮಲ ಪರೀಕ್ಷೆಗೆ ಬರೆದುಕೊಟ್ಟರು. ಮತ್ತೆ ಮತ್ತೆ ಮಾಡಿಸಿದರೂ ‘ಹುಳವಿಲ್ಲ’ ಎಂದೇ ವರದಿ. ಕೊನೆಗೆ ಬಡಿಯಲು ಇಬ್ಬರು ಹೆಂಗಸರನ್ನು ಇಟ್ಟು, ತಾನು ಹಂಚಿನ ಮುಂದೆ ಕೂತಳು.

“ಕೈಯಾಗಿನ ಕಸುವ ಹೋತಂದ್ರ ನಾ ಯಾತಕ್ಕಿರಬೇಕು?” ಎಂದು ಒಂದು ದಿನ ನನ್ನೆದುರು ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಳೆದ ಮಳೆಗಾಲದ ಕೊನೆಗೆ ಒಂದು ಕಾಲೇಜಿನವರು ಹೊಟ್ಟೆಹುಳದ ಸಮೀಕ್ಷೆಗೆಂದು ನಮ್ಮ ಓಣಿಗೆ ಬಂದರು. ಮಲ ಪರೀಕ್ಷೆಯ ಡಬ್ಬಿ ಹಂಚುತ್ತಿದ್ದ ಅತುಲ ಎಂಬಾತ ಸಂಗವ್ವನ ಕಥೆ ಕೇಳಿ, “ಹಿಂದಿನ ಡಬ್ಬಿ ಲ್ಯಾಬಿಗೆ ಯಾವಾಗ ಮುಟ್ಟಸ್ತಿದ್ರಿ, ಅಮ್ಮಾರ?” ಎಂದು ಕೇಳಿದ.

“ನಸುಕಿನ್ಯಾಗ ತುಂಬಿಟ್ಟು ಜಳಕಾ ಮಾಡಿ, ಲಿಂಗಪೂಜಿ ಮಾಡಕೋತಿದ್ದೆ. ಪೂಜಿ ಮುಗಿಸಿ ಮತ್ತ ಅದನ್ನ ಮುಟ್ಟಲೇನು? ಅಮೀನಸಾಬನ ಆಟೋದಾಗ ಇಟ್ಟು ಬರಾಕ ಇಕಿನ್ನ ಕಳಸ್ತಿದ್ದೆ,” ಎಂದು ನನ್ನತ್ತ ಬೆರಳು ಮಾಡಿದಳು.

ನಾನು ಇಟ್ಟು ಬಂದದ್ದು ಹೌದು. ಅಮೀನಸಾಬನಾದರೋ ಮಕ್ಕಳನ್ನು ಶಾಲೆಗೆ ಬಿಟ್ಟು, ಸ್ಟೇಶನ್ನಿನ ಬಾಡಿಗೆ ಮುಗಿಸಿ, ಊಟ ಮಾಡಿ ಲ್ಯಾಬಿಗೆ ಹೋಗುತ್ತಿದ್ದ. ಅಲ್ಲಿಯ ತನಕ ಡಬ್ಬಿಗೂ ಊರೆಲ್ಲ ಸವಾರಿ.

ಅತುಲ ನಗು ತಡೆದುಕೊಂಡ. “ಕೊಕ್ಕೆಹುಳದ ತತ್ತಿ ಭಾಳ ನಾಜೂಕ್ರಿ. ಬಿಸಲಾಗ ತಡಾ ಆತಂದ್ರ ಕೆಟ್ಟು ಹೋಗ್ತಾವ. ಸೂಕ್ಷ್ಮದರ್ಶಕದಾಗ ನೋಡಿದವರಿಗೆ ಏನ್ ಕಾಣಬೇಕು? ನಮ್ಮ ಪರೀಕ್ಷಾ ತತ್ತಿ ಹುಡುಕೂದಿಲ್ಲ, ಹುಳದ ಡಿಎನ್ಎ ಹುಡುಕತದ. ಕೆಡಬಾರದಂತ ಈ ಡಬ್ಬ್ಯಾಗ ಔಷಧನೂ ಹಾಕೇವಿ. ಹುಳ ಕಡಿಮಿ ಇದ್ರೂ ಬಹುತೇಕ ಸಿಗತದ. ನೂರಕ್ಕ ನೂರು ಅಂತ ಮಾತ್ರ ನಾ ಹೇಳೂದಿಲ್ಲ.”

ಸಿಕ್ಕಿತು. ಕೊಕ್ಕೆಹುಳವೇ. ಕಾರಣ ತಿಳಿಯಿತಲ್ಲ ಎಂದು ನನಗೆ ಕುಣಿಯುವಷ್ಟು ಖುಷಿ. ಸಂಗವ್ವ ಮಾತ್ರ ಹಂಚನ್ನು ಒಲೆಯಿಂದ ಇಳಿಸಿಟ್ಟಳು.

“ಹೊಟ್ಟ್ಯಾಗ ಹುಳ ಇದ್ದಾಕಿ ರೊಟ್ಟಿ ಯಾರು ತಿಂತಾರ?”

“ಅದು ರೊಟ್ಟಿಯಿಂದ ಬರೂದಿಲ್ರೀ. ಹಸಿ ಮಣ್ಣಾಗ ಬರಿಗಾಲಲೇ ಅಡ್ಡಾಡಿದ್ರ ಕಾಲಿನ ಚರ್ಮದಾಗಿಂದ ಒಳಗ ಹೋಗತದ,” ಎಂದ ಅತುಲ. ಹಿತ್ತಲಿನ ಮೆಂತ್ಯೆ ಮಡಿಗೆ ಆಕೆ ನೀರು ಬಿಡುತ್ತಿದ್ದುದು ಬರಿಗಾಲಲ್ಲೇ.

ಆದರೆ ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನಕ್ಕೆ ಇದನ್ನೆಲ್ಲ ಯಾರು ಬಿಡಿಸಿ ಹೇಳಬೇಕು? ನಾನೂ ಸಂಗವ್ವನೂ ಬಾಯಿಗೆ ಬೀಗ ಹಾಕಿಕೊಂಡೆವು. ಡಾಕ್ಟರು ಹುಳದ ಗುಳಿಗೆ ಕೊಟ್ಟರು, ಕಬ್ಬಿಣದ ಗುಳಿಗೆಯನ್ನೂ ಮುಂದುವರಿಸಿದರು. ಮರುವಾರವೇ ಇನ್ನೊಮ್ಮೆ ಪರೀಕ್ಷೆ ಮಾಡು ಎಂದು ಸಂಗವ್ವ ಅತುಲನ ಬೆನ್ನು ಹತ್ತಿದಳು. ಸತ್ತ ಹುಳದ ಚೂರು ಉಳಿದಿದ್ದರೂ ಈ ಪರೀಕ್ಷೆ ‘ಇದೆ’ ಎಂದೀತು, ಸ್ವಲ್ಪ ತಡೆಯಿರಿ ಎಂದ ಆತ. ತಡೆದು ಮಾಡಿಸಿದಾಗ ಏನೂ ಇರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಂಗವ್ವನ ಕೆನ್ನೆಗೆ ರಂಗು ಬಂತು, ನನಗೆ ಬೈಗುಳವೂ ಬಂತು.

ಆ ವಾರವೇ ಮಾಳಮಡ್ಡಿಯ ಮಂದಾಕಿನಿಬಾಯಿ, ಹಳೆಯ ಗಿರಾಕಿ, ಮನೆಯ ಕಾರ್ಯಕ್ಕೆ ದೊಡ್ಡ ಆರ್ಡರು ಕೊಡಲು ತಾವೇ ಬಂದರು. ಮಾತು ಮುಗಿಸಿ ಏಳುವಾಗ ಸಂಗವ್ವ, “ಬಾಯಾರ, ಒಂದ್ ಮಾತು ಹೇಳಬೇಕ್ರಿ,” ಎಂದಳು. ಬೇಡ ಬೇಡ ಎಂದು ನಾನು ಹಿಂದಿನಿಂದ ಕಣ್ಸನ್ನೆ ಮಾಡಿದೆ. ಕೇಳುವ ಜೀವವೇ ಅದು?

“ನನ್ನ ಹೊಟ್ಟ್ಯಾಗ ಹುಳ ಇದ್ವು. ಗುಳಿಗಿ ತಗೊಂಡೇನಿ, ಈಗ ಇಲ್ಲ. ನಿಮ್ಮ ಮನ್ಯಾಗ ನಾಕು ಮಂದಿ ಉಣ್ಣಾಕ ಬರತಾರ. ಬ್ಯಾಡಂದ್ರ ಈಗ ಬ್ಯಾಡ ಅಂದ್ಬಿಡ್ರಿ, ನನಗ ಸಿಟ್ಟಿಲ್ಲ.”

ಮಂದಾಕಿನಿಬಾಯಿ ಮತ್ತೆ ಕೂತರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕೂರಲೂ ಆಗಲಿಲ್ಲ.

“ಹಂಗಾದ್ರ ಇಷ್ಟು ದಿನ ರೊಟ್ಟಿ ಬಡದವರು ನೀವಲ್ಲ?”

“ಅಲ್ರೀ. ಕೈಯಾಗ ಕಸುವ ಇರಲಿಲ್ಲ.”

“ನಾ ಮನ್ಯಾಗ ಅಂದಿದ್ದೆ, ಇವು ಸಂಗವ್ವನ ಕೈ ರೊಟ್ಟಿ ಅಲ್ಲ ಅಂತ. ಈ ಸಲ ಎಲ್ಲಾ ನೀವ ಬಡೀಬೇಕು ನೋಡ್ರಿ. ಬ್ಯಾರೆಯವರು ಬಡದದ್ದು ಇದ್ರ ನನಗ ಬ್ಯಾಡ.”

ಓಣಿಗೆಲ್ಲ ಉತ್ತರ ಕೊಡುವ ಸಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಟ್ಟು ಎಳೆದುಕೊಂಡು ನಾದಲು ಕೂತಳು.