ಸ್ವೆಟರಿನ ಅಳತೆ

ಹೊಳೆನರಸೀಪುರದಲ್ಲಿ ಅರಕಲಗೂಡಿನ ಬಸ್ಸು ತಪ್ಪಿತು. ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕಿತ್ತು. ಬಿಸಿಲು ತಾಳದೆ, ಕರ್ಚೀಫು ಕೊಳ್ಳುವ ನೆಪ ಮಾಡಿಕೊಂಡು ಎದುರಿನ ಜವಳಿ ಅಂಗಡಿಗೆ ನುಗ್ಗಿದೆ. ಒಳಗೆ ಪಿತೃಪಕ್ಷದ ವ್ಯಾಪಾರ ಜೋರಾಗಿತ್ತು. ತೀರಿಕೊಂಡವರಿಗೆ ಎಡೆ ಇಡುವಾಗ ಫೋಟೊ ಮುಂದೆ ಹೊಸ ಬಟ್ಟೆಯನ್ನೂ ಇಡುವುದು ಈ ಕಡೆಯ ರೂಢಿ. ಎಲ್ಲರೂ ಪಂಚೆ, ಸೀರೆ ಕೇಳುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಮಾತ್ರ ಉಣ್ಣೆಯ ಸ್ವೆಟರ್ ಕೇಳಿದರು.

"ಎಡೆಗೆ ಸ್ವೆಟರ್ ಯಾರು ಇಡ್ತಾರೆ ಯಜಮಾನ್ರೇ? ಪಂಚೆ ತಗೊಂಡೋಗಿ," ಎಂದ ಅಂಗಡಿಯವನು.

"ನನ್ ಮಗ ಮಿಲ್ಟ್ರೀಲಿದ್ದ ಕಣಪ್ಪ. ಓದ್ ವರ್ಸ ಕಾರ್ಗಿಲ್‌ನಲ್ಲಿ ತೀರ್ಕೊಂಡ. ಆ ಹಿಮದ ಮ್ಯಾಲೆ ಪಂಚೆ ಉಟ್ಕೊಂಡು ಏನ್ ಮಾಡಾನು?"

ಅಂಗಡಿಯವನು ಅಟ್ಟದಿಂದ ಒಂದು ಸ್ವೆಟರ್ ಇಳಿಸಿ ದೂಳು ಕೊಡವಿದ. ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮಷ್ಟೇ ಎತ್ರ ಇದ್ದ ಸಾ. ಒಂದ್ಸಲ ಆಕ್ಕೊಂಡು ತೋರಿಸ್ತೀರಾ?"

ಸತ್ತವನಿಗೆಂದು ಕೊಳ್ಳುವ ಬಟ್ಟೆ. ಒಂದು ಗಳಿಗೆ ಅಳುಕಿದೆ. ಆಮೇಲೆ ಹಾಕಿಕೊಂಡೆ. ಆ ಸೆಕೆಗೆ ಬೆನ್ನಲ್ಲಿ ಬೆವರು ಇಳಿಯತೊಡಗಿತು. ಅವರು ನನ್ನ ಭುಜ ಒತ್ತಿ ನೋಡಿದರು, ಬೆನ್ನು ಸವರಿದರು. ನನ್ನ ಕೈಯನ್ನು ಮುಂದಕ್ಕೆ ಚಾಚಿಸಿ, ಸ್ವೆಟರಿನ ತೋಳನ್ನು ಮಣಿಕಟ್ಟಿನತನಕ ಎಳೆದರು. ಎರಡು ಬೆರಳಿನಷ್ಟು ಸಾಲದೆ ಬಂತು.

"ಇನ್ನೊಸಿ ಉದ್ದ ತೋಳಿರೋದು ಕೊಡಪ್ಪ," ಎಂದು ಅಂಗಡಿಯವನಿಗೆ ಹೇಳಿದರು. "ಕೋವಿ ಹಿಡ್ಕೊಂಡಾಗ ತೋಳು ಮೇಲಕ್ಕೋಯ್ತದೆ, ಮಣಿಕಟ್ಟೆಲ್ಲ ಚಳಿಗೆ ಕೊರೀತದೆ ಅಂತ ಕಾಗ್ದ ಬರ್ದಿದ್ದ."