ರೊಟ್ಟಿ ಬಡಿದ ಕೈ

ನನ್ನ ಮಗಳು ಗಿರಿಜೆಯ ಕೈ ಮುರಿದದ್ದು ನಾನು. ಪರ್ವತಿ ಗುಡ್ಡದ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು ಎಂದು ಎಲ್ಲರಿಗೂ ಹೇಳಿದೆ — ಅವಳಪ್ಪನಿಗೆ, ಡಾಕ್ಟರಿಗೆ, ಬಿಬವೇವಾಡಿಯ ನಮ್ಮ ಓಣಿಗೆಲ್ಲ. ಸುಳ್ಳು. ಹಿಂದಿನಿಂದ ಲಟ್ಟಣಿಗೆಯಲ್ಲಿ ಹೊಡೆದೆ, ಬಿದ್ದಳು.

ಆಗ ಅವಳು ಹೈಸ್ಕೂಲಿನಲ್ಲಿದ್ದಳು. ದಪ್ಪ ಹುಡುಗಿ. ನಾನು ಜೋಳದ ರೊಟ್ಟಿ ಮಾಡಿ ಮನೆಮನೆಗೆ ಕೊಡುತ್ತಿದ್ದೆ. ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಬಡಿಯುತ್ತ ಹೋದರೆ ತೆಳ್ಳಗಾಗುತ್ತದೆ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಅದನ್ನೇ ಮಗಳ ಮೈಮೇಲೂ ಮಾಡಿದೆ.

"ಬಡದ್ರ ರೊಟ್ಟಿ ತೆಳ್ಳಗಾಗತದ. ನೀ ಹ್ಯಾಂಗ ಆಗಂಗಿಲ್ಲ ನೋಡತೀನಿ."

ಓಣಿಯ ಹೆಂಗಸರ ಎದುರಿಗೇ ಅಂದೆ. ಅವರು ನಕ್ಕರು. ಆ ನಗು ನನಗೆ ಹಿಡಿಸಿತು — ಅದನ್ನೂ ಹೇಳಿಬಿಡಬೇಕು.

ದಿನಾ ಬೆಳಿಗ್ಗೆ ಗುಡ್ಡಕ್ಕೆ ಅಟ್ಟುತ್ತಿದ್ದೆ. ಅವಳು ಮುಂದೆ, ನಾನು ಹಿಂದೆ, ಸೆರಗಿನೊಳಗೆ ಚಪಾತಿಯ ಲಟ್ಟಣಿಗೆ. ನಿಂತರೆ ಮೀನಖಂಡಕ್ಕೆ ಏಟು. ಅತ್ತರೆ ಇನ್ನೊಂದು. ಎದುರಿಗೆ ಜನ ಬಂದರೆ ಮುಚ್ಚಿಟ್ಟುಕೊಂಡು ನಗುತ್ತಿದ್ದೆ. ಮುಚ್ಚಿಟ್ಟೆ ಅಂದಮೇಲೆ, ತಪ್ಪು ಎಂದು ಗೊತ್ತಿತ್ತು.

ಒಂದು ದಿನ ನಡುವೆ ಕೂತೇಬಿಟ್ಟಳು. ಉಸಿರು ಬರವಲ್ಲದು ಅಂದಳು. ನಾಟಕ ಅಂದೆ. ಜಡೆ ಹಿಡಿದು ಜಗ್ಗಿ ಎಬ್ಬಿಸಿದೆ. ಆಮೇಲೆ ಬೆನ್ನಿಗೆ ಬೀಸಿ ಹೊಡೆದೆ — ಮೈಯಲ್ಲಿದ್ದ ಸಿಟ್ಟೆಲ್ಲ ಕೈಗೆ ಬಂದಿತ್ತು. ಕಲ್ಲಿನ ಮೇಲೆ ಕೈಯೂರಿ ಬಿದ್ದಳು. ಎಲುಬು ಮುರಿದ ಸಪ್ಪಳ ಕೇಳಿತು. ಒಣಗಿದ ಕಟಕ ರೊಟ್ಟಿ ಮುರಿದಂತೆ. ತುಟಿ ಒಡೆದು ಬಾಯಿಂದ ರಕ್ತ. ನಾನು ಮೊದಲು ಮಾಡಿದ್ದೇನು — ಲಟ್ಟಣಿಗೆಯನ್ನು ಪೊದೆಗೆ ಎಸೆದೆ. ಆಮೇಲೆ ಮಗಳನ್ನು ಎತ್ತಿದೆ.

ಡಾಕ್ಟರು ಮರಾಠಿಯಲ್ಲಿ ಏನಾಯಿತು ಎಂದು ಕೇಳಿದರು. ಕಾಲು ಜಾರಿತು ಎಂದೆ. ಗಿರಿಜೆ ನನ್ನ ಮುಖ ನೋಡಿ ಅದನ್ನೇ ಹೇಳಿದಳು. ಕೈ ಕೂಡಿತು, ಸೊಟ್ಟಗೆ.

ಈಗ ಮುದುಕಿಯಾಗಿ ಅವಳ ಮನೆಯಲ್ಲೇ ಇದ್ದೇನೆ. ಅವಳಿಗೆ ಶುಗರ್. ನಡೆಯದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೆದರಿಸಿದ್ದಾರೆ. ಬೂಟು ಹಾಕಿಕೊಳ್ಳುತ್ತಾಳೆ, ಬಾಗಿಲತನಕ ಹೋಗುತ್ತಾಳೆ, ಬೆವರುತ್ತಾಳೆ, ಬಿಚ್ಚಿಡುತ್ತಾಳೆ. ಅವಳ ಮಗಳು ಅನು ಜಿಮ್ಮಿಗೆ ಹೋಗುವವಳು. ತಾಯಿಗೆ ಹುರುಪು ಬರಲಿ ಎಂದು ಮೊಬೈಲಿನಲ್ಲಿ ವಿಡಿಯೋ ಹಚ್ಚಿದಳು. ಒಬ್ಬ ಗಂಡಸು ಕಿರುಚುತ್ತಿದ್ದ — ಮೈಗೆ ಕರುಣೆ ತೋರಿಸಬೇಡ, ನಿಲ್ಲಬೇಡ. ನನ್ನದೇ ದನಿ ಕೇಳಿದಂತಾಯಿತು. ಗಿರಿಜೆ ಮತ್ತೆ ಬಾಗಿಲಲ್ಲೇ ನಿಂತಳು.

"ಮಮ್ಮಿ, ಬೂಟಿಗೆ ಬಾಗಿಲಾ ತೋರಸಾಕ ಹೊಂಟೀ ಏನ? ಆಳಸಿ ಅದೀ ಬಿಡು," ಅಂದಳು ಅನು.

ಅವಳನ್ನು ಹೊಡೆಯಲು ಕೈ ಎತ್ತಿದೆ. ಈ ವಯಸ್ಸಿನಲ್ಲೂ. ಅನು ಅಲುಗಲಿಲ್ಲ; ಅವಳು ಏಟು ತಿಂದವಳಲ್ಲ. ಆಚೆ ನಿಂತ ಗಿರಿಜೆ ತಲೆ ಮುಚ್ಚಿಕೊಂಡಳು — ಆ ಸೊಟ್ಟ ಕೈಯಿಂದ.

ಎತ್ತಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

"ಆಕಿ ಆಳಸಿ ಅಲ್ಲ," ಅಂದೆ. "ಹಿಂದಿಂದ ಬಡಕೋತ ಗುಡ್ಡಾ ಹತ್ತಸ್ತಿದ್ದೆ. ಆ ಕೈ ನಾನ ಮುರದೀನಿ."

ಅನು ಮೊಬೈಲು ಬಂದ್ ಮಾಡಿದಳು. ಗಿರಿಜೆ ಅಳಲಿಲ್ಲ, ಕ್ಷಮಿಸಲೂ ಇಲ್ಲ. ಬಗ್ಗಿ ಬೂಟಿನ ದಾರ ಬಿಗಿದಳು. ಗುಡ್ಡಕ್ಕಲ್ಲ, ಮಾರ್ಕೆಟ್ ತನಕ ಎಂದು ಮಗಳಿಗೆ ಹೇಳಿದಳು. ಇಬ್ಬರೂ ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ.

"ನೀ ನನ್ನ ಹಿಂದ ಬರಬ್ಯಾಡವ್ವಾ."

ಚಪ್ಪಲಿ ಬಿಟ್ಟೆ.

ಈಗ ದಿನಾ ಹೋಗುತ್ತಾಳೆ. ದಣಿದಲ್ಲಿ ನಿಲ್ಲುತ್ತಾಳಂತೆ, ಮತ್ತೆ ನಡೆಯುತ್ತಾಳಂತೆ — ಅನು ಹೇಳಿದ್ದು. ಎಷ್ಟು ದೂರ ಹೋದಳು, ತೆಳ್ಳಗಾದಳೇ, ನಾನು ಕೇಳುವುದಿಲ್ಲ. ಅವಳು ಬರುವವರೆಗೆ ಅಡುಗೆಮನೆಯಲ್ಲಿ ಕೂತಿರುತ್ತೇನೆ. ಕಿಟಕಿಗೂ ಹೋಗುವುದಿಲ್ಲ — ಅಲ್ಲಿಂದ ಅವಳ ಬೆನ್ನು ಕಾಣುತ್ತದೆ.