ತಿಜಾನಿ ತಿರುಗಿಸಿದ ಚಾಪೆ

ಕೈರುವಾನ್ ಸೀಮೆಯ ನಮ್ಮ ಊರಿನಲ್ಲಿ ಗೋಡೆ ಬಿರುಕುಬಿಟ್ಟರೆ ಜನ ಕರೆಯುವುದು ತಿಜಾನಿಯನ್ನು. ಸುಣ್ಣ ತಿಂದ ಕೈ, ಒರಟು ಬಾಯಿ. ಮುಷ್ಕರದಲ್ಲಿ ಪೊಲೀಸರ ಲಾಠಿಗೂ ಹಿಂದೆ ಸರಿದವನಲ್ಲ. ಹಳೆ ಮಸೀದಿಯ ಕಂಬಗಳೆಂದರೆ ಅವನಿಗೆ ಪ್ರಾಣ. ಹಿಂದಿನವರು ಅವನ್ನು ಪಾಳುಬಿದ್ದ ರೋಮನ್ ಮನೆಗಳಿಂದ ಕಿತ್ತು ತಂದದ್ದು. ಒಂದು ಉದ್ದ, ಒಂದು ಗಿಡ್ಡ. ಗಿಡ್ಡದ್ದರ ಬುಡಕ್ಕೆ ಕಲ್ಲು ಕೊಟ್ಟು ಕಮಾನು ಹೊರಿಸಿದ್ದಾರೆ.

ಆ ಮಸೀದಿ ಕಟ್ಟಿದವರು ನಮಾಜಿಗೆ ಮುಖ ಮಾಡಬೇಕಾದ ಮೆಕ್ಕಾ ಯಾವ ಕಡೆ ಎಂದು ಲೆಕ್ಕ ಹಾಕಲು ಹೋಗಲಿಲ್ಲ. ಕೈರುವಾನಿನ ದೊಡ್ಡ ಮಸೀದಿ ನೋಡುವ ಕಡೆಗೇ ಇದನ್ನೂ ನಿಲ್ಲಿಸಿದರು. ನಮ್ಮ ಗೋರಿಗಳೂ ಅದೇ ಗೆರೆ ಹಿಡಿದಿವೆ. ಸತ್ತವರನ್ನು ಬಲಮಗ್ಗುಲಿಗೆ ಮಲಗಿಸಿ ಮುಖವನ್ನು ಆ ದಿಕ್ಕಿಗೆ ತಿರುಗಿಸುವುದು ರೂಢಿ.

ಹೋದ ರಂಜಾನಿಗೆ ಮುಂಚೆ ಮಸೀದಿಯ ನೆಲ ರಿಪೇರಿ ಮಾಡುವಾಗ ತಿಜಾನಿ ಫೋನಿನ ದಿಕ್ಸೂಚಿ ಇಟ್ಟು ನೋಡಿದ. ಮೆಕ್ಕಾದ ಕಡೆ ಎಂದು ಗೋಡೆಯಲ್ಲಿ ಮಾಡಿದ್ದ ಗೂಡು ದಕ್ಷಿಣಕ್ಕೆ ಜಾರಿತ್ತು. ಯಾರನ್ನೂ ಕೇಳಲಿಲ್ಲ. ಹುಲ್ಲಿನ ಚಾಪೆಗಳನ್ನೆಲ್ಲ ಎಡಕ್ಕೆ ಓರೆಯಾಗಿ ಹಾಸಿದ. ಶುಕ್ರವಾರ ಜನ ಸೇರಿದಾಗ ಫೋನು ಎತ್ತಿ ಹಿಡಿದು, "ಇಷ್ಟು ಕಾಲ ನೀವೆಲ್ಲ ಯಾವ ಮರಳುಗಾಡಿಗೆ ಬಗ್ತಿದ್ರೋ," ಎಂದು ನಕ್ಕ. ಹುಡುಗರು ಭೇಷ್ ಎಂದರು. ಮುದುಕರು, ಈಗ ಸಾಲಿಗೆ ಅಡ್ಡ ಬಂದ ಕಂಬಗಳಿಗೆ ಹಣೆ ತಾಕಿಸಿಕೊಂಡೇ ನಮಾಜು ಮುಗಿಸಿದರು.

ಅವನ ತಾಯಿ ಜಾಜಿಯಾ ಹೆಂಗಸರ ಸಾಲಿನಲ್ಲಿದ್ದಳು. ಎದೆ ಕಾಯಿಲೆಯವಳು. ಮನೆಯಲ್ಲಿ ಮಗನ ಮುಂದೆ ಕುಸ್ಕುಸ್ ತಟ್ಟೆ ಇಟ್ಟು ಕೇಳಿದಳು.

"ನಿಮ್ಮಪ್ಪನ್ನ ಗುಂಡಿಗೆ ಇಳಿಸಿದ್ದು ನೀನೇ ಅಲ್ವಾ? ಮುಖ ಯಾವ ಕಡೆ ಮಾಡ್ದೆ?"

"ಮಸೀದಿ ನೋಡೋ ಕಡೆಗೇ, ಉಮ್ಮಿ."

"ಹಂಗಾದ್ರೆ ಆ ಮನುಷ್ಯ ಮರಳುಗಾಡು ನೋಡ್ಕೊಂಡು ಮಲಗವ್ನೆ ಅನ್ನು. ನಾಳೆ ನನ್ನನ್ನ ಯಾವ ಕಡೆ ತಿರುಗಿಸ್ತೀಯೋ ಮೇಸ್ತ್ರಿ? ಬದುಕಿದ್ದಾಗ ಜಗಳ ಆಡಿದ್ದು ಸಾಲ್ದು ಅಂತ ಅಲ್ಲೂ ಅವನು ಒಂದು ಕಡೆ, ನಾನು ಒಂದು ಕಡೆ ಮುಖ ಮಾಡ್ಲಾ?"

ತಿಜಾನಿ ತಟ್ಟೆ ಸರಿಸಿದ. ಎದ್ದು ಇಮಾಮ್ ಲಮೀನರ ಹತ್ತಿರ ಹೋದ.

"ಸೀದಿ, ತಪ್ಪು ದಿಕ್ಕಲ್ಲಿ ಹೂತೋರ ಗತಿ ಏನು?"

"ತಿಳೀದೆ ಮಾಡಿದ್ದನ್ನ ಅಲ್ಲಾಹ ಒಪ್ಕೊತಾನೆ. ಅವನೇನು ದಾರ ಹಿಡ್ಕೊಂಡು ಅಳೀತಾನಾ?" ಇಮಾಮರು ಗಡ್ಡ ತುರಿಸಿಕೊಂಡರು. "ಚಾಪೆ ಮುಟ್ಟೋಕೆ ಮುಂಚೆ ಕೇಳ್ಬೇಕಿತ್ತಪ್ಪ ಇದನ್ನ."

"ಹಳೇ ಥರಾನೇ ಹಾಸ್ಬಿಡ್ಲಾ?"

"ಗೊತ್ತಾದ ಮೇಲೆ ಗೊತ್ತಿಲ್ಲ ಅನ್ನೋಕಾಗುತ್ತೇನೋ?"

ಆಲಿವ್ ಕೊಯ್ಲಿನ ಹೊತ್ತಿಗೆ ಜಾಜಿಯಾ ತೀರಿಕೊಂಡಳು. ಗೋರಿ ತೋಡುವ ಬೂಜುಮಾ ಸಲಿಕೆ ಊರಿ ನಿಂತು, "ಫೋನ್ ತೆಗಿ ಮೇಸ್ತ್ರಿ. ಯಾವ ಕಡೆಗೆ ಅಗೀಲಿ?" ಎಂದ. ಯಾರೂ ನಗಲಿಲ್ಲ. ತಿಜಾನಿ ಅಪ್ಪನ ಗೋರಿಯ ಅಂಚಿಗೆ ದಾರ ಹಿಡಿದ.

"ಇದರ ಸಮಕ್ಕೆ."

ತಾನೇ ಇಳಿದು ತಾಯಿಯ ಮುಖವನ್ನು ಅಪ್ಪ ನೋಡುವ ಕಡೆಗೇ ತಿರುಗಿಸಿದ.

ಅಮ್ಮನ ಆಸೆ ನಡೆಸಿದೆನೆಂಬ ನೆಮ್ಮದಿ ಅವನಿಗೆ ಸಿಕ್ಕಿಲ್ಲ. ಅಪ್ಪನನ್ನು ತಿರುಗಿಸಿದ್ದು ತಿಳಿಯದೆ, ಅಮ್ಮನನ್ನು ತಿಳಿದೂ ತಿಳಿದೂ. ಚಾಪೆಗಳು ಈಗಲೂ ಓರೆಯಾಗಿಯೇ ಇವೆ. ನಮಾಜಿಗೆ ಬಂದರೆ ಅವನು ಎದುರಿಗೆ ಕಂಬ ಅಡ್ಡ ಬರುವ ಜಾಗವನ್ನೇ ಹುಡುಕಿ ನಿಲ್ಲುತ್ತಾನೆ. ಬಗ್ಗಿದಾಗೆಲ್ಲ ಹಣೆ ಕಲ್ಲಿಗೆ ಬಡಿಯುತ್ತದೆ. ಪಕ್ಕದವರು ಸರಿದು ಜಾಗ ಕೊಟ್ಟರೂ ಕದಲುವುದಿಲ್ಲ.